ಬೂಟಿನ ಪಟ್ಟಿ ಹಿಡಿದು ಮೇಲೇಳಿ ಅಂದ ಮಹಾನುಭಾವರಿಗೆ

ನಿನ್ನೆ ಒಂದು ಸನ್ಮಾನ ಸಮಾರಂಭಕ್ಕೆ ಹೋಗಿದ್ದೆ. ಪಿಯುಸಿಯಲ್ಲಿ ಒಳ್ಳೆ ಮಾರ್ಕ್ಸ್ ತೆಗೆದ ಹಾಸ್ಟೆಲ್ ಮಕ್ಕಳಿಗೆ ಶಾಲು, ಹಾರ, ಫಲಕ. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಮುಖ್ಯ ಅತಿಥಿ ಮೈಕ್ ಹಿಡಿದರು. ಬೆಂಗಳೂರಿನ ಯಾವುದೋ ಸ್ಟಾರ್ಟಪ್ಪಿನ ಮಾಲೀಕರು. ಹೆಸರು ಬೇಡ. 'ಯಾರ ಸಹಾಯಕ್ಕೂ ಕಾಯಬೇಡಿ. ಪುಲ್ ಯುವರ್‌ಸೆಲ್ಫ್ ಅಪ್ ಬೈ ಯುವರ್ ಬೂಟ್‌ಸ್ಟ್ರಾಪ್ಸ್!' (ನಿಮ್ಮ ಬೂಟಿನ ಪಟ್ಟಿ ಹಿಡಿದು ನಿಮ್ಮನ್ನು ನೀವೇ ಮೇಲೆತ್ತಿಕೊಳ್ಳಿ) ಅಂತ ಶುರು ಮಾಡಿದವರು ಅದನ್ನೇ ಪಲ್ಲವಿ ಮಾಡಿಕೊಂಡು ಮುಕ್ಕಾಲು ಗಂಟೆ ಕೊರೆದರು. ಒಂದು ಸಲ ಬಗ್ಗಿ ತಮ್ಮ ಶೂ ಲೇಸನ್ನೂ ತೋರಿಸಿದರು. ಅದು ಲೇಸ್ ಸ್ವಾಮಿ, ಬೂಟ್‌ಸ್ಟ್ರಾಪ್ ಅಲ್ಲ. ಮೊಣಕಾಲಿನವರೆಗೆ ಬರುವ ಬೂಟನ್ನು ಎಳೆದು ಹಾಕಿಕೊಳ್ಳಲಿ ಅಂತ ಮೇಲ್ತುದಿಯಲ್ಲಿ ಒಂದು ಕುಣಿಕೆ ಹೊಲಿದಿರುತ್ತಾರಲ್ಲ, ಅದು ಬೂಟಿನ ಪಟ್ಟಿ.

ಲೇಸ್ ಹಾಳಾಗಿಹೋಗಲಿ. ಆ ಮಾತು ಹುಟ್ಟಿದ್ದೇ ಆಗದ ಕೆಲಸಕ್ಕೆ ಉದಾಹರಣೆಯಾಗಿ. ಫಿಸಿಕ್ಸ್ ಪಾಠ ಹೇಳಿಯೇ ತಲೆ ಬೆಳ್ಳಗಾದವನು ನಾನು, ನಿಮಗೆ ಗೊತ್ತೇ ಇದೆ. ಬಕೆಟ್ಟಿನೊಳಗೆ ನಿಂತು ಅದರ ಹಿಡಿಯನ್ನು ನೀವೇ ಎತ್ತಿ ನೋಡಿ. ಹಿಡಿ ಕಿತ್ತು ಬಂದೀತು, ನೀವು ಏಳುವುದಿಲ್ಲ. ಪಟ್ಟಿಯನ್ನು ನೀವು ಎಷ್ಟು ಬಲವಾಗಿ ಮೇಲಕ್ಕೆ ಎಳೆಯುತ್ತೀರೋ ಅಷ್ಟೇ ಬಲದಿಂದ ಅದು ನಿಮ್ಮನ್ನು ಕೆಳಕ್ಕೆ ಎಳೆಯುತ್ತದೆ. ನ್ಯೂಟನ್ನಿನ ಮೂರನೇ ನಿಯಮ. 1888ರಲ್ಲಿ ಅಮೆರಿಕದಲ್ಲಿ ಬಂದ ಒಂದು ಫಿಸಿಕ್ಸ್ ಪಠ್ಯಪುಸ್ತಕದಲ್ಲಿ ಇದೇ ಪ್ರಶ್ನೆ ಇದೆ: ತನ್ನ ಬೂಟಿನ ಪಟ್ಟಿ ಹಿಡಿದು ಎಳೆದರೆ ಮನುಷ್ಯ ತನ್ನನ್ನು ತಾನೇ ಯಾಕೆ ಎತ್ತಿಕೊಳ್ಳಲಾರ? ಗಮನಿಸಿ. ಆಗುತ್ತದೆಯೋ ಇಲ್ಲವೋ ಅಂತ ಕೇಳಿಲ್ಲ. ಯಾಕೆ ಆಗುವುದಿಲ್ಲ ಅಂತ ಕೇಳಿದ್ದಾರೆ.

ಅದಕ್ಕೂ ಹಿಂದೆ ಇದು ಶುದ್ಧ ಗೇಲಿ. 1834ರಲ್ಲಿ ನಿಮ್ರೋಡ್ ಮರ್ಫ್ರಿ ಎಂಬ ಆಸಾಮಿ, ಒಮ್ಮೆ ಶುರುವಾದರೆ ನಿಲ್ಲದೆ ಓಡುತ್ತಲೇ ಇರುವ ಯಂತ್ರವನ್ನು ಕಂಡುಹಿಡಿದಿದ್ದೇನೆ ಅಂತ ಹೇಳಿಕೊಂಡ. ಅಮೆರಿಕದ ಒಂದು ಪತ್ರಿಕೆ ಅವನ ಕಾಲೆಳೆಯಿತು. ಇನ್ನು ಮರ್ಫ್ರಿ ಸಾಹೇಬರು ತಮ್ಮ ಬೂಟಿನ ಪಟ್ಟಿ ಹಿಡಿದುಕೊಂಡೇ ಕಂಬರ್‌ಲ್ಯಾಂಡ್ ನದಿಯನ್ನೋ ಕೊಟ್ಟಿಗೆಯ ಬೇಲಿಯನ್ನೋ ದಾಟಿಬಿಡಬಹುದು ಅಂತ ಬರೆಯಿತು. ಬಡಾಯಿ ಕೊಚ್ಚುವವನಿಗೆ ಹೊಡೆದ ಏಟು ಅದು. ಬಡಾಯಿ ಕೊಚ್ಚುವವರೇ ಈಗ ಅದನ್ನು ಮೈಕಿನಲ್ಲಿ ಹೇಳುತ್ತಿದ್ದಾರೆ.

(ಇದು ಜರ್ಮನಿಯ ಬಡಾಯಿ ಕಥೆಗಳ ನಾಯಕ ಮುಂಚೌಸನ್ ಕಥೆಯಿಂದ ಬಂದದ್ದು ಅಂತ ಯಾರಾದರೂ ಕಾಮೆಂಟ್ ಹಾಕುವ ಮೊದಲೇ ಹೇಳುತ್ತೇನೆ. ಆ ಸುಳ್ಳುಬುರುಕ ಬ್ಯಾರನ್ ಕೆಸರಿನಿಂದ ತನ್ನನ್ನೂ ಕುದುರೆಯನ್ನೂ ಎತ್ತಿಕೊಂಡದ್ದು ಜುಟ್ಟು ಹಿಡಿದು. ಬೂಟು ಹಿಡಿದಲ್ಲ.)

ಗೇಲಿ ಯಾವಾಗ ಹೊಗಳಿಕೆಯಾಯಿತು? ಇಂಥದ್ದೇ ದಿನ ಅಂತ ಹೇಳಲು ಬರುವುದಿಲ್ಲ. ಮಾತುಗಳು ಹಾಗೆ ಒಂದು ದಿನದಲ್ಲಿ ಜಾತಿ ಬದಲಿಸುವುದಿಲ್ಲ. ಆದರೆ 1922ರಲ್ಲಿ ಬಂದ ಜೇಮ್ಸ್ ಜಾಯ್ಸ್ ಅವರ ಯುಲಿಸಿಸ್ ಕಾದಂಬರಿಯಲ್ಲಿ, ಕೆಳಗಿನ ಮೆಟ್ಟಿಲಿನಿಂದ ಬೂಟಿನ ಪಟ್ಟಿಯ ಬಲದಿಂದಲೇ ಮೇಲೆ ಬಂದವರ ಪ್ರಸ್ತಾಪ ಇದೆ. ಅಷ್ಟರಲ್ಲಿ ಆಗದ ಕೆಲಸ ಆಗುವ ಕೆಲಸವಾಗಿತ್ತು. ಇನ್ನೂ ಸ್ವಲ್ಪ ಕಾಲ ಕಳೆದ ಮೇಲೆ, ನೀನು ಮಾಡಲೇಬೇಕಾದ ಕೆಲಸವಾಯಿತು. ಈಗ ಮಾಡದಿದ್ದರೆ ನಿನ್ನದೇ ತಪ್ಪು. ನನಗೆ ಉರಿಯುವುದು ಇಲ್ಲೇ.

1940ರ ದಶಕದ ಕೊನೆಗೆ, ಅಮೆರಿಕದ ಆಡಳಿತದಲ್ಲಿರುವ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದಲ್ಲಿ ಕೈಗಾರಿಕೆ ಬೆಳೆಸುವ ಒಂದು ದೊಡ್ಡ ಯೋಜನೆ ಶುರುವಾಯಿತು. ಇಂಗ್ಲಿಷಿನಲ್ಲಿ ಅದರ ಹೆಸರು ಆಪರೇಷನ್ ಬೂಟ್‌ಸ್ಟ್ರಾಪ್. ತನ್ನ ಬಲದಿಂದ ತಾನೇ ಎದ್ದ ದ್ವೀಪ! ನಡೆದದ್ದೇನು? ಅಮೆರಿಕದ ಕಂಪನಿಗಳಿಗೆ ತೆರಿಗೆ ಮನ್ನಾ ಮಾಡಿ, ಬನ್ನಿ ಇಲ್ಲಿ ಕಾರ್ಖಾನೆ ಹಾಕಿ ಅಂತ ಕರೆದರು. ಕಾರ್ಖಾನೆಗಳು ಬಂದವು, ನಿಜ. ಅದೇ ಕಾಲದಲ್ಲಿ ಲಕ್ಷಗಟ್ಟಲೆ ಜನ ಕೆಲಸ ಹುಡುಕಿಕೊಂಡು ನ್ಯೂಯಾರ್ಕಿನ ಕಡೆ ಹೊರಟರು. ಪಟ್ಟಿ ಎಳೆದ ಕೈ ಯಾರದ್ದೋ, ಹೆಸರು ಮಾತ್ರ ಸ್ವಾವಲಂಬನೆಯದ್ದು.

ಈ ಮಾತಿನ ಬೆನ್ನು ಮುರಿದವರು ಅಮೆರಿಕದ ಕರಿಯರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್. 1968ರ ಮಾರ್ಚ್ 31ರಂದು ವಾಷಿಂಗ್ಟನ್ನಿನ ನ್ಯಾಷನಲ್ ಕ್ಯಾಥೆಡ್ರಲ್‌ನಲ್ಲಿ ಮಾತಾಡಿದರು. ನಾಲ್ಕು ದಿನ ಬಿಟ್ಟು, ಏಪ್ರಿಲ್ 4ರಂದು, ಮೆಂಫಿಸ್‌ನಲ್ಲಿ ಅವರನ್ನು ಕೊಂದರು. ಬೂಟೇ ಇಲ್ಲದವನಿಗೆ ಬೂಟಿನ ಪಟ್ಟಿ ಹಿಡಿದು ಮೇಲೇಳು ಅನ್ನುವುದು ಕ್ರೂರ ತಮಾಷೆ ಅಂದರು. ಅಷ್ಟಕ್ಕೇ ನಿಲ್ಲಿಸಲಿಲ್ಲ, ಲೆಕ್ಕವನ್ನೂ ಬಿಚ್ಚಿಟ್ಟರು. 1863ರಲ್ಲಿ ಕರಿಯರಿಗೆ ಗುಲಾಮಗಿರಿಯಿಂದ ಬಿಡುಗಡೆ ಅಂತ ಘೋಷಿಸಿದಿರಿ, ಕಾಲೂರಲು ಒಂದು ತುಂಡು ಭೂಮಿ ಕೊಡಲಿಲ್ಲ. ಅದೇ ಹೊತ್ತಿಗೆ ಪಶ್ಚಿಮದಲ್ಲಿ ಬಿಳಿಯರಿಗೆ ಎಕರೆಗಟ್ಟಲೆ ಜಮೀನು ಹಂಚಿದಿರಿ. ಬೇಸಾಯ ಕಲಿಸಲು ಕಾಲೇಜು ಕಟ್ಟಿಸಿದಿರಿ, ಕಡಿಮೆ ಬಡ್ಡಿಗೆ ಸಾಲ ಕೊಟ್ಟಿರಿ. ಇಷ್ಟೆಲ್ಲ ಪಡೆದವರೇ ಇವತ್ತು ಕರಿಯರಿಗೆ ನಿಮ್ಮ ಪಟ್ಟಿ ನೀವೇ ಎಳೆದುಕೊಳ್ಳಿ ಅನ್ನುತ್ತಿದ್ದಾರೆ, ಅಂದರು. ಅವರು ಹೇಳಿದ್ದು ಸುಮ್ನೆ ಅಲ್ಲ. 1862ರ ಹೋಮ್‌ಸ್ಟೆಡ್ ಕಾಯ್ದೆ ಒಂದೊಂದು ಕುಟುಂಬಕ್ಕೆ 160 ಎಕರೆವರೆಗೆ ಕೊಟ್ಟಿತ್ತು. ನೂರ ಅರವತ್ತು ಎಕರೆ! ನಮ್ಮ ಕಡೆ ಅಷ್ಟಿದ್ದರೆ ಊರಗೌಡ ಅಂತಾರೆ.

ಈಗ ನೀವು ಹೇಳುತ್ತೀರಿ, 'ಸಾರ್, ಭಾಷೆ ಬದಲಾಗುತ್ತೆ, ಮಾತಿನ ಅರ್ಥ ಹೊರಳುತ್ತೆ, ಅದಕ್ಕೆ ಇಷ್ಟೊಂದು ಸಿಟ್ಟು ಯಾಕೆ?' ಒಪ್ಪಿದೆ. ಬದಲಾಗಲಿ. 1950ರ ದಶಕದಲ್ಲಿ ಕಂಪ್ಯೂಟರಿನವರು ಈ ಪದವನ್ನು ತಗೊಂಡರು, ಅದೇ ಮೊಟಕಾಗಿ 'ಬೂಟ್' ಆಯಿತು. ನೀವು ಫೋನ್ ರೀಬೂಟ್ ಮಾಡುವಾಗೆಲ್ಲ ಹಳೇ ಕಾಲದ ಚರ್ಮದ ಬೂಟಿನ ಹೆಸರು ಹೇಳುತ್ತಿದ್ದೀರಿ. 1979ರಲ್ಲಿ ಬ್ರಾಡ್ಲಿ ಎಫ್ರಾನ್ ಸಂಖ್ಯಾಶಾಸ್ತ್ರದ ಒಂದು ವಿಧಾನಕ್ಕೆ ಇದೇ ಹೆಸರಿಟ್ಟರು. ಬೆಂಗಳೂರಿನಲ್ಲಿ ಹೊರಗಿನ ಹೂಡಿಕೆ ತಗೊಳ್ಳದ ಕಂಪನಿಗೆ 'ಬೂಟ್‌ಸ್ಟ್ರಾಪ್ಡ್' ಅಂತಾರೆ. ಇದ್ಯಾವುದಕ್ಕೂ ನನ್ನ ತಕರಾರಿಲ್ಲ. ಇವರು ಯಾರೂ ಹಾಸ್ಟೆಲ್ ಮಕ್ಕಳ ಮುಂದೆ ನಿಂತು ಉಪದೇಶ ಮಾಡಲಿಲ್ಲವಲ್ಲ. ಅದೂ ಅಲ್ಲದೆ, ಕಂಪ್ಯೂಟರ್ ತಾನೇ ಏಳುತ್ತದೆ ಅಂತೀರಲ್ಲ, ಅದರ ಮೊದಲ ಪುಟ್ಟ ಪ್ರೋಗ್ರಾಂ ಚಿಪ್ಪಿನೊಳಗೆ ಎಲ್ಲಿಂದ ಬಂತು? ಯಾರೋ ಮೊದಲೇ ಬರೆದು ಕೂರಿಸಿರುತ್ತಾರೆ. ಆ ಮುಖ್ಯ ಅತಿಥಿಗಳೂ ಭಾಷಣದ ನಡುವೆ ಮೈಮರೆತು ಹೇಳಿಬಿಟ್ಟರು: ಮೊದಲ ಎರಡು ವರ್ಷ ಆಫೀಸ್ ನಡೆದದ್ದು ಮಾವನ ಮನೆಯ ಮೇಲಿನ ಮಹಡಿಯಲ್ಲಂತೆ, ಬಾಡಿಗೆ ಇಲ್ಲದೆ. ಮಾವನಿಗೆ ಒಂದು ಶಾಲು ಹೊದಿಸಬೇಕಿತ್ತು, ಅಲ್ವಾ?

ನನ್ನ ಸಿಟ್ಟಿಗೆ ಸ್ವಂತದ ಕಾರಣವೂ ಇದೆ. ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಬರೆಯುತ್ತೇನೆ. ನನ್ನ ಅಪ್ಪ ವಾರಾನ್ನ ಮಾಡಿ ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಗುರುವಾರಕ್ಕೆ ಮನೆ ಸಿಕ್ಕಿರಲಿಲ್ಲ. ಕೇಳಿದವರಿಗೆ 'ಇವತ್ತು ರಾಯರ ಉಪವಾಸ' ಅನ್ನುತ್ತಿದ್ದರಂತೆ. ಆ ವಾರಾನ್ನ ಸಿಗುವುದಕ್ಕೂ ಒಂದು ಜಾತಿಯಲ್ಲಿ ಹುಟ್ಟಿರಬೇಕಿತ್ತು. ಅವರ ಪಕ್ಕದಲ್ಲೇ ಕೂತು ಓದುತ್ತಿದ್ದ ಎಷ್ಟೋ ಹುಡುಗರಿಗೆ ಏಳು ದಿನವೂ ಗುರುವಾರವೇ. ನಾನು ಡಿಗ್ರಿ ಸೇರುವಾಗ ಅತ್ತೆ ಬಳೆ ಅಡವಿಟ್ಟರು, ಬಿಡಿಸಿಕೊಳ್ಳಲು ಆಗಲೇ ಇಲ್ಲ. ಹಾಗಾಗಿ ಯಾರಾದರೂ 'ನಾನು ಯಾರ ಹಂಗೂ ಇಲ್ಲದೆ ಮೇಲೆ ಬಂದೆ' ಅಂದಾಗ ನನ್ನ ಕಣ್ಣು ಮೊದಲು ಹೋಗುವುದು ಅವರ ಮನೆ ಹೆಂಗಸರ ಕೈ ಮೇಲೆ.

ಮಕ್ಕಳು ಕಷ್ಟಪಟ್ಟು ಓದಬಾರದು ಅಂತ ನಾನು ಹೇಳುತ್ತಿಲ್ಲ. ಆ ಮಕ್ಕಳಿಗೆ ಕಷ್ಟ ಹೇಳಿಕೊಡಲು ನೀವೂ ಬೇಡ, ನಾನೂ ಬೇಡ. ಬೆಳಗಿನ ಜಾವ ಎದ್ದು ಸ್ನಾನಕ್ಕೆ ಕ್ಯೂ ನಿಂತು, ಒಂದೇ ಟೆಕ್ಸ್ಟ್‌ಬುಕ್ಕನ್ನು ಕೋಣೆಯವರೆಲ್ಲ ಹಂಚಿಕೊಂಡು ಓದಿ ಬಂದವರು ಅವರು.

ಕಾರ್ಯಕ್ರಮ ಮುಗಿದ ಮೇಲೆ ವಾರ್ಡನ್ ಹತ್ತಿರ ಮಾತಾಡಿದೆ. ಈ ವರ್ಷ ಸಿಇಟಿ ಬರೆಯುವವರಿಗೆ ಫಿಸಿಕ್ಸ್, ಮ್ಯಾಥ್ಸ್ ಪುಸ್ತಕಗಳು ಸಾಲದಂತೆ. ನಿಮ್ಮ ಮಕ್ಕಳು ಓದಿ ಅಟ್ಟಕ್ಕೆ ಹಾಕಿದ ಪುಸ್ತಕಗಳಿದ್ದರೆ ಇನ್‌ಬಾಕ್ಸಿಗೆ ಮೆಸೇಜ್ ಹಾಕಿ. ಭಾನುವಾರ ನಾನೇ ಸ್ಕೂಟರ್ ತಂದು ತಗೊಂಡು ಹೋಗುತ್ತೇನೆ. ಗೈಡ್ ಆದರೂ ಪರವಾಗಿಲ್ಲ, ಪುಟ ಹರಿದಿರಬಾರದು ಅಷ್ಟೆ.