ದಾಸವಾಳ ಸೀಳಿದ ಸಂಜೆ

ಭೋಪಾಲಿಗೆ ಬಂದು 14 ವರ್ಷವಾಯಿತು. ಹೋದ ತಿಂಗಳು ಐದನೇ ಕ್ಲಾಸಿನ ಮಗಳು ಹೂವಿನ ಭಾಗಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಎದುರುಮನೆಯ ಗೆಳೆಯರು ಟೀ ಕುಡಿಯುತ್ತಾ ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಆಮೇಲೆ ಎದ್ದು, ಬಾಲ್ಕನಿಯ ಕುಂಡದಿಂದ ಒಂದು ದಾಸವಾಳ ಕಿತ್ತು ತಂದು ಅವಳ ಕೈಗಿಟ್ಟರು. "ಈಗ ಇದರಲ್ಲಿ ತೋರಿಸು ನೋಡೋಣ."

ಅವಳು ತಬ್ಬಿಬ್ಬಾದಳು. ಪುಸ್ತಕದ ಚಿತ್ರದಲ್ಲಿ ಕೇಸರಗಳು ಬಿಡಿಬಿಡಿಯಾಗಿ ಸುತ್ತ ನಿಂತಿವೆ, ನಡುವೆ ಹೂಜಿಯಂಥ ಅಂಡಾಶಯ. ದಾಸವಾಳದಲ್ಲಿ ಎಲ್ಲ ಕೇಸರಗಳೂ ಒಂದೇ ಕೊಳವೆಗೆ ಅಂಟಿಕೊಂಡಿವೆ. "ಅಂಕಲ್, ಪುಸ್ತಕದಲ್ಲಿ ಹೀಗಿಲ್ಲ" ಅಂದಳು. ಅವರು ಉತ್ತರ ಹೇಳಲಿಲ್ಲ. ಗುಂಡುಸೂಜಿ ಕೊಟ್ಟು, ಕೊಳವೆಯನ್ನು ಉದ್ದಕ್ಕೆ ಸೀಳು ಅಂದರು. ಒಳಗಿಂದ ದಾರದಂಥ ಎಳೆ ಬಂತು, ಅದರ ತುದಿ ಐದಾಗಿ ಕವಲೊಡೆದಿತ್ತು. ಎಳೆಯ ಜಾಡು ಹಿಡಿದು ಬುಡಕ್ಕೆ ಹೋದರೆ ಅಲ್ಲಿ ಅಂಡಾಶಯ. ಅಡ್ಡ ಕುಯ್ದು ಎಣಿಸಿದಳು, ಐದು ಕೋಣೆ. ಅರ್ಧ ಗಂಟೆ ಅವಳು ಕೂತಲ್ಲಿಂದ ಅಲ್ಲಾಡಲಿಲ್ಲ.

"ನಾವು ಜಾಲಿಮುಳ್ಳಿನಲ್ಲೇ ಸೀಳುತ್ತಿದ್ದೆವು" ಅಂದರು ಗೆಳೆಯರು. ಅವರು ಓದಿದ್ದು ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ. ಈಗ ಆ ಜಿಲ್ಲೆಯ ಹೆಸರು ನರ್ಮದಾಪುರಂ. ಅಲ್ಲಿ 1972ರಲ್ಲಿ ಕಿಶೋರ್ ಭಾರತಿ ಮತ್ತು ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು 16 ಶಾಲೆಗಳಲ್ಲಿ ಮಕ್ಕಳೇ ಮಾಡಿ ಕಲಿಯುವ ವಿಜ್ಞಾನ ಶುರು ಮಾಡಿದವು. 6ರಿಂದ 8ನೇ ತರಗತಿಗೆ. 1978ರಲ್ಲಿ ಅದು ಇಡೀ ಜಿಲ್ಲೆಗೆ ಹಬ್ಬಿತು, 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಮುಂದುವರಿಸಿತು. ನಾಲ್ಕು ಮಕ್ಕಳಿಗೊಂದು ಟೋಳಿ, ಟೋಳಿಗೊಂದಿಷ್ಟು ಸಾಮಾನು. ತಲೆಗೆ ಬಂದ ಪ್ರಶ್ನೆಯನ್ನು 'ಸವಾಲಿರಾಮ' ಎಂಬ ಕಾಲ್ಪನಿಕ ಪಾತ್ರಕ್ಕೆ ಪತ್ರ ಬರೆದು ಕೇಳಬಹುದಿತ್ತು, ಉತ್ತರವೂ ಬರುತ್ತಿತ್ತು. ಹಳ್ಳಿಯ ಮಗುವಿಗೆ ತನ್ನ ಹೆಸರಿಗೆ ಒಂದು ಪತ್ರ ಬರುವುದೆಂದರೆ ಸುಮ್ನೆ ಮಾತಲ್ಲ.

ನನ್ನ ಶಾಲೆಯ ಬೇಲಿ ತುಂಬ ದಾಸವಾಳವೇ ಇತ್ತು. ಆದರೂ ನಾವು ಹೂವನ್ನು ಕಲಿತಿದ್ದು ಕಪ್ಪುಹಲಗೆಯ ಮೇಲೆ, ಬಣ್ಣದ ಸೀಮೆಸುಣ್ಣದಲ್ಲಿ. ಪ್ರಯೋಗದ ಸಾಮಾನು ಬೀರುವಿನಲ್ಲಿತ್ತು, ಬೀರುವಿಗೆ ಬೀಗ. ಒಡೆದರೆ ಯಾರು ಲೆಕ್ಕ ಕೊಡಬೇಕು ಎಂಬ ಭಯ ಮೇಷ್ಟ್ರಿಗೆ. ಅವರನ್ನು ದೂರಲಾರೆ. ಪರೀಕ್ಷೆಯಲ್ಲಿ ಚಿತ್ರ ಬರೆದು ಭಾಗ ಗುರುತಿಸಿದರೆ ಸಾಕಿತ್ತು, ಹೂವು ಯಾರಿಗೆ ಬೇಕಿತ್ತು?

ಹೋಶಂಗಾಬಾದಿನವರು ಕೈಹಾಕಿದ್ದು ಅಲ್ಲಿಗೇ. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಳ್ಳಬಹುದಿತ್ತು, ಮಾಡಿ ತೋರಿಸುವುದಕ್ಕೂ ಅಂಕ ಇತ್ತು. ಹಾಗಾದಾಗ ಬಾಯಿಪಾಠದಿಂದ ಏನೂ ಗಿಟ್ಟುವುದಿಲ್ಲ, ಅಲ್ವಾ? ಆಗ ಬೀರುವಿನ ಬೀಗ ತೆಗೆಯಲೇಬೇಕಾಗುತ್ತದೆ. ಪ್ರಯೋಗದ ಕಿಟ್ ಹಂಚುವುದು ಸುಲಭ, ಫೋಟೋವೂ ಚೆನ್ನಾಗಿ ಬರುತ್ತದೆ. ಪ್ರಶ್ನೆಪತ್ರಿಕೆ ಮಾತ್ರ ಹಳೆಯದೇ ಇದ್ದರೆ ಆ ಕಿಟ್ಟೂ ಧೂಳು ತಿನ್ನುತ್ತದೆ.

ಸುಮಾರು ಸಾವಿರ ಶಾಲೆಗಳಿಗೆ ಹರಡಿದ್ದ ಈ ಕಾರ್ಯಕ್ರಮವನ್ನು 2002ರಲ್ಲಿ ಸರ್ಕಾರ ನಿಲ್ಲಿಸಿತು. ಅದನ್ನು ಹೇಳುವಾಗ ಗೆಳೆಯರ ದನಿ ಇಳಿಯಿತು. ನನಗೂ ಸಂಕಟವಾಯಿತು.

ನಮ್ಮ ಕರ್ನಾಟಕದಲ್ಲಿ ಏನೂ ಇಲ್ಲ ಅಂತಲ್ಲ. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಹುಟ್ಟಿದ ನಲಿ-ಕಲಿ ನಮ್ಮದೇ. ಪುಟ್ಟ ಮಕ್ಕಳು ಗುಂಪಾಗಿ ಕೂತು, ಕಾರ್ಡು ಹಿಡಿದು, ತಮ್ಮ ವೇಗದಲ್ಲಿ ಕಲಿಯುತ್ತಾರೆ. ಮೂರನೇ ತರಗತಿ ದಾಟಿದ ಮೇಲೆ ಅದೇ ಮಕ್ಕಳನ್ನು ಬೆಂಚಿನಲ್ಲಿ ಸಾಲಾಗಿ ಕೂರಿಸಿ ನೋಟ್ಸ್ ಬರೆಸುವುದು ನನಗೆ ಅರ್ಥವಾಗುವುದಿಲ್ಲ.

ನಾಲ್ಕನೇ ತರಗತಿಯಿಂದ ವಿಜ್ಞಾನದ ಪ್ರತಿ ಪರೀಕ್ಷೆಯಲ್ಲೂ ಒಂದೇ ಒಂದು ಪ್ರಶ್ನೆ ಬದಲಿಸೋಣ. ಚಿತ್ರ ಬರೆಸುವುದು ಬೇಡ. ಪ್ರತಿ ಮಗುವಿನ ಮುಂದೆ ಒಂದು ಹೂವು, ಒಂದು ಮುಳ್ಳು ಇಡೋಣ. ಬಿಡಿಸಿ, ಎಣಿಸಿ, ಕಂಡದ್ದನ್ನು ಬರೆಯಲಿ. ದಾಸವಾಳಕ್ಕಾಗಲಿ ಜಾಲಿಗಾಗಲಿ ನಮ್ಮ ಊರುಗಳಲ್ಲಿ ಬರವಿಲ್ಲ.