ಹಾಲು ಹಾಕುವವನೇ ಫ್ಯಾಟ್ ನೋಡಿದರೆ?

ಹೋದ ವಾರ ನಮ್ಮ ಆರು ತಿಂಗಳ ಹೆಣ್ಣು ಕರುವಿಗೆ ಕಂದು ರೋಗದ (ದನಗಳಿಗೆ ಗರ್ಭಪಾತ ಮಾಡಿಸುವ ಬ್ರುಸೆಲ್ಲೋಸಿಸ್) ಲಸಿಕೆ ಹಾಕಿಸಿದೆವು. ಡಾಕ್ಟರು ಕೊಟ್ಟಿಗೆ ಬಾಗಿಲಲ್ಲೇ ನಿಂತು, "ಮಕ್ಕಳನ್ನ ಆಚೆ ಕಳಿಸಮ್ಮ" ಅಂದರು. ಆಮೇಲೆ ಗ್ಲೌಸು, ಮಾಸ್ಕು, ಕಣ್ಣಿಗೆ ಕನ್ನಡಕ.

"ಒಂದ್ ಸೂಜಿ ಚುಚ್ಚಕ್ಕೆ ಇಷ್ಟೊಂದ್ ವೇಷ ಯಾಕ್ ಸಾ?" ಅಂತ ಅಮ್ಮ ನಕ್ಕರು.

ಲಸಿಕೆಯಲ್ಲಿ ಇರುವುದು ಜೀವ ಇರುವ ಬ್ಯಾಕ್ಟೀರಿಯಾ, ಕೈತಪ್ಪಿ ನಮಗೆ ಚುಚ್ಚಿಕೊಂಡರೆ ನಮಗೂ ಜ್ವರ ಬರಬಹುದು ಅಂದರು ಡಾಕ್ಟರು. ಖಾಲಿ ಸೀಸೆಯನ್ನೂ ತಿಪ್ಪೆಗೆ ಎಸೆಯಲಿಲ್ಲ, ಡಬ್ಬಿಗೆ ಹಾಕಿಕೊಂಡು ಹೋದರು.

ಈ ರೋಗದ್ದೇ ಲಸಿಕೆ ತಯಾರಿಸುವ ಒಂದು ಕಾರ್ಖಾನೆ ಚೀನಾದ ಲಾಂಜೌನಲ್ಲಿತ್ತು. 2019ರಲ್ಲಿ ಅಲ್ಲಿ ರೋಗಾಣು ಕೊಲ್ಲಲು ಅವಧಿ ಮುಗಿದ ಔಷಧಿ ಬಳಸಿದರು. ಹೊರಗೆ ಬಿಟ್ಟ ಗಾಳಿಯಲ್ಲಿ ಬ್ಯಾಕ್ಟೀರಿಯಾ ಉಳಿದುಕೊಂಡಿತ್ತು. 10,000ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತು. ಸೀಸೆ ಮೇಲಿನ ತಾರೀಕು ನೋಡದೇ ಇದ್ದದ್ದಕ್ಕೆ!

ನನ್ನನ್ನು ಜಾಸ್ತಿ ಕಾಡುವುದು ಇಂಗ್ಲೆಂಡಿನ ಪಿರ್‌ಬ್ರೈಟ್ ಕತೆ. ಸರ್ಕಾರಿ ಸಂಶೋಧನಾ ಸಂಸ್ಥೆ, ಖಾಸಗಿ ಲಸಿಕೆ ಕಂಪನಿ, ಎರಡೂ ಒಂದೇ ಕಾಂಪೌಂಡಿನಲ್ಲಿ. ಎರಡೂ ಕಡೆ ಕಾಲುಬಾಯಿ ಜ್ವರದ ವೈರಸ್ ಮೇಲೆ ಕೆಲಸ. ಕೊಳಚೆ ಪೈಪು ಹಳೆಯದು, ಸೋರುತ್ತಿತ್ತು. ಹೊಸದು ಹಾಕಿಸುವ ದುಡ್ಡು ಯಾರು ಕೊಡಬೇಕು ಅನ್ನುವ ಮಾತು ಮುಗಿಯಲೇ ಇಲ್ಲ. 2007ರ ಆಗಸ್ಟಿನಲ್ಲಿ ಹತ್ತಿರದ ಊರಿನ ದನಗಳಿಗೆ ರೋಗ ಬಂತು. ಕಾಲುಬಾಯಿ ಬಂದರೆ ಕೊಟ್ಟಿಗೆ ಏನಾಗುತ್ತದೆ ಅಂತ ಮಂಡ್ಯದವರಿಗೆ ಹೇಳಬೇಕಾ?

ಇನ್ನೊಂದು ವಿಷಯ. ಅಲ್ಲಿ ಲೈಸೆನ್ಸ್ ಕೊಡುವ ಇಲಾಖೆಯೇ ತಪಾಸಣೆಯನ್ನೂ ಮಾಡುತ್ತಿತ್ತು. ಆ ಸಂಸ್ಥೆಗೆ ಕೆಲಸ ಕೊಟ್ಟು ದುಡ್ಡು ಕಟ್ಟುವ ದೊಡ್ಡ ಗಿರಾಕಿಯೂ ಅದೇ ಇಲಾಖೆ. ನಮ್ಮೂರ ಡೈರಿಯಲ್ಲಿ ಹಾಲು ಹಾಕುವವನೇ ಫ್ಯಾಟ್ ನೋಡಿ ಚೀಟಿ ಬರೆದುಕೊಂಡ ಹಾಗೆ. ಒಪ್ಪುತ್ತೇವಾ? ಆಮೇಲೆ ಅಲ್ಲಿ ತಪಾಸಣೆಯನ್ನು ಬೇರೆ ಸಂಸ್ಥೆಗೆ ವಹಿಸಿದರು.

ಹಕ್ಕಿಜ್ವರದ ವೈರಸ್ಸನ್ನು ಪ್ರಾಣಿಯಿಂದ ಪ್ರಾಣಿಗೆ ಗಾಳಿಯಲ್ಲಿ ಹರಡುವಂತೆ ಮಾಡಿದ ಪ್ರಯೋಗ, ಅಮೆರಿಕ 2014ರಲ್ಲಿ ಅಂಥವಕ್ಕೆ ದುಡ್ಡು ನಿಲ್ಲಿಸಿದ್ದು, ಟಿವಿಯವರಿಗೆ ಇದೇ ಬೇಕು. ಪೈಪಿನ ಬಗ್ಗೆ ಯಾರೂ ಚರ್ಚೆ ಇಡುವುದಿಲ್ಲ.

ಸಂಶೋಧನೆ ಬೇಡ ಅಂತ ನಾನು ಹೇಳುತ್ತಿಲ್ಲ. ಲಸಿಕೆ ಎಲ್ಲಿಂದ ಬಂತು ಮತ್ತೆ? ಅಪಾಯಕಾರಿ ರೋಗಾಣು, ಕುಲಾಂತರಿ ಜೀವಿಗಳ ಮೇಲಿನ ಕೆಲಸಕ್ಕೆ ನಮ್ಮಲ್ಲೂ 1989ರ ನಿಯಮಗಳಿವೆ. ಮೊದಲ ಕಾವಲು ಆಯಾ ಸಂಸ್ಥೆಯದೇ ಸಮಿತಿ. ಮೇಲೆ ದೆಹಲಿಯಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆಯ ಕೆಳಗೆ ಒಂದು ಸಮಿತಿ. ಸಂಶೋಧನೆಗೆ ದುಡ್ಡು ಕೊಡುವುದೂ ಅದೇ ಇಲಾಖೆ! ಅಗತ್ಯ ಇರುವ ಜಿಲ್ಲೆಗಳಲ್ಲಿ ಡೀಸಿ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಇರಬೇಕು ಅಂತಲೂ ಬರೆದಿದೆ. ದುಡ್ಡಿನ ಹಂಗಿಲ್ಲದೆ ಲ್ಯಾಬಿನ ಬಾಗಿಲು ತಟ್ಟಬಲ್ಲದ್ದು ಈ ಸಮಿತಿಯೇ ಅಂತ ನನಗನ್ನಿಸುತ್ತದೆ.

ಅದಕ್ಕೇ ಮೈಸೂರು, ಮಂಡ್ಯ ಎರಡೂ ಡೀಸಿ ಆಫೀಸಿಗೆ ಮಾಹಿತಿ ಹಕ್ಕಿನ ಅರ್ಜಿ ಬರೆಯುತ್ತಿದ್ದೇನೆ. ಈ ಸಮಿತಿ ಇದೆಯಾ? ಕಡೆಯ ಸಭೆ ಯಾವಾಗ? ಯಾರ್ಯಾರು ಬಂದಿದ್ದರು? ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಎರಡು ತಂದಿಟ್ಟಿದ್ದೇನೆ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ದಾಟುವ ಹಾಗಿಲ್ಲ. ನನ್ನದು ಆಗಲೇ ಇನ್ನೂರಾಗಿದೆ, ಹೊಡೆದುಹಾಕುತ್ತಾ ಕೂತಿದ್ದೇನೆ.