ಅಂತೋಣಿಯ ತಂಗಿ

ನಮ್ಮ ಕಡೆ ಅಂತೋಣಿ ಅಂದ್ರೆ ಕಳೆದುಹೋದ ಬೀಗದಕೈ ಹುಡುಕಿಕೊಡೋ, ಬಾಲಯೇಸುನ ಎತ್ಕೊಂಡಿರೋ ಪಾದುವಾದ ಸಂತರು. ನಾನ್ ಹೇಳ್ತಿರೋದು ಅವರಲ್ಲ, ಅವರು ಯಾರ ಹೆಸರು ಇಟ್ಕೊಂಡ್ರೋ ಆ ಹಳೇ ಅಂತೋಣಿ, ಈಜಿಪ್ಟಿನ ಮರುಭೂಮಿಯವನು. 356ರಲ್ಲಿ ತೀರ್ಕೊಂಡಾಗ 105 ವರ್ಷ ಆಗಿತ್ತಂತೆ.

ಅಪ್ಪ ಅಮ್ಮ ಹೋದಾಗ ಇವನಿಗೆ 18-20 ವಯಸ್ಸು, ಮನೇಲಿ ಪುಟ್ಟ ತಂಗಿ, ಸುಮಾರು 200 ಎಕರೆ ಒಳ್ಳೇ ಜಮೀನು. ಚರ್ಚಲ್ಲಿ ಒಂದಿನ "ಇರೋದನ್ನ ಮಾರಿ ಬಡವರಿಗೆ ಕೊಡು" ಅನ್ನೋ ವಾಕ್ಯ ಕಿವಿಗೆ ಬಿತ್ತು, ಜಮೀನು ಊರವರಿಗೆ ಬಿಟ್ಕೊಟ್ಟ, ಸಾಮಾನು ಮಾರಿ ಹಂಚಿದ, ತಂಗಿಗೆ ಅಂತ ಚೂರು ಎತ್ತಿಟ್ಟ. ಇನ್ನೊಂದಿನ ಹೋದ್ರೆ "ನಾಳೆ ಚಿಂತೆ ಬೇಡ" ಅಂತ ಓದ್ತಿದ್ರು, ಆ ಚೂರನ್ನೂ ಕೊಟ್ಬಿಟ್ಟ! ತಂಗೀನ ಗೊತ್ತಿದ್ದ ಕನ್ಯೆಯರ ಕೈಗೆ ಒಪ್ಪಿಸಿ ಹೊರಟೇಬಿಟ್ಟ. ಇಲ್ಲಿಗೆ ಬಂದಾಗೆಲ್ಲ ನಂಗೆ ಸಿಟ್ಟು ಬರುತ್ತೆ. ನಿಂಗೆ ನಾಳೆ ಚಿಂತೆ ಇಲ್ಲ ಸರಿ ಮಾರಾಯ, ಅವಳನ್ನೊಂದ್ ಮಾತು ಕೇಳಿದ್ಯಾ?

ಇನ್ನೊಂದು, ಇವನನ್ನ ಸನ್ಯಾಸಿಗಳ ತಂದೆ ಅಂತಾರೆ, ಆದ್ರೆ ಇವನು ಮನೆ ಬಿಡೋ ಮುಂಚೆನೇ ಆ ಹೆಂಗಸರು ಮದುವೆ ಗಿದುವೆ ಬಿಟ್ಟು ಪ್ರಾರ್ಥನೆ ಮಾಡ್ಕೊಂಡು ಬದುಕ್ತಿದ್ರಲ್ಲ, ಅವರನ್ನ ಯಾರೂ ತಾಯಿ ಅನ್ನಲ್ಲ.

ಹಂಗಂತ ಮನುಷ್ಯ ಸಾಮಾನ್ಯದವನಲ್ಲ. ಪಾಳು ಕೋಟೆ ಒಳಗೆ 20 ವರ್ಷ ಒಬ್ಬನೇ, ಆರು ತಿಂಗಳಿಗೊಮ್ಮೆ ಬರೋ ರೊಟ್ಟಿ ತಿನ್ಕೊಂಡು. ಕೊನೆಗೆ ಜನ ಬಾಗಿಲು ಮುರಿದ್ರೆ ಸೊರಗೂ ಇಲ್ಲ, ಊದ್ಕೊಂಡೂ ಇಲ್ಲ, ಇದ್ದಂಗೇ ಹೊರಗೆ ಬಂದ. ದೆವ್ವಗಳ ಜೊತೆ ಬಡಿದಾಡಿದ ಕಥೆನೇ ಚಿತ್ರಕಾರರಿಗೆಲ್ಲ ಇಷ್ಟ, ನಂಗಿಷ್ಟ ಅವನ ತೋಟ. ಆಮೇಲೆ ಕೆಂಪು ಸಮುದ್ರದ ಕಡೆ ಬೆಟ್ಟಕ್ಕೆ ಹೋದಾಗ ಬೇರೆಯವರು ರೊಟ್ಟಿ ಹೊತ್ಕೊಂಡು ಬರೋದು ನೋಡಕ್ಕಾಗ್ದೆ ಗುದ್ದಲಿ, ಕೊಡಲಿ, ಒಂದಿಷ್ಟು ಗೋಧಿ ತರಿಸ್ಕೊಂಡು ತಾನೇ ಬೆಳೆದ, ಬಂದವರಿಗೆ ಅಂತ ತರಕಾರಿನೂ ಹಾಕ್ದ. ಕಾಡುಪ್ರಾಣಿಗಳು ನುಗ್ಗಿ ಹಾಳ್ಮಾಡಿದಾಗ ಒಂದನ್ನ ಮೆಲ್ಲಗೆ ಹಿಡ್ಕೊಂಡು, ನಾನು ನಿಮಗೇನೂ ಮಾಡಿಲ್ಲ, ನೀವ್ಯಾಕೆ ನಂಗೆ ತೊಂದ್ರೆ ಕೊಡ್ತೀರಿ ಅಂತ ಕೇಳಿದ್ನಂತೆ. ಆ ಬೆಟ್ಟದ ಬುಡದಲ್ಲಿ ಅವನ ಹೆಸರಿನ ಮಠ ಇವತ್ತಿಗೂ ಇದೆ. ಸತ್ತ ಮೇಲೆ ತನ್ನ ಹೆಣ ಪೂಜೆಗಿಡ್ತಾರೆ ಅಂತ ಹೆದರಿ, ಎಲ್ಲಿ ಹೂತ್ರಿ ಅಂತ ಯಾರಿಗೂ ಹೇಳ್ಬೇಡಿ ಅಂದಿದ್ದ ಬೇರೆ.

ಇದೆಲ್ಲ ಗೊತ್ತಾಗಿದ್ದು ಅಲೆಕ್ಸಾಂಡ್ರಿಯಾದ ಬಿಷಪ್ ಅಥನಾಸಿಯಸ್ ಬರೆದ ಚರಿತ್ರೆಯಿಂದ. ಅದ್ರಲ್ಲಿ ತಂಗಿ ಇನ್ನೊಂದೇ ಒಂದು ಸಲ ಬರ್ತಾಳೆ. ಎಷ್ಟೋ ವರ್ಷ ಆದ್ಮೇಲೆ ಅಣ್ಣ ಬಂದು ನೋಡ್ತಾನೆ, ಅವಳು ಮುದುಕಿ, ಬೇರೆ ಕನ್ಯೆಯರಿಗೆಲ್ಲ ಹಿರಿಯಳಾಗಿದಾಳೆ, ಅವನಿಗೆ ಖುಷಿ ಆಯ್ತಂತೆ. ಅವಳ ಹೆಸರೇನು, ಇವನನ್ನ ನೋಡಿ ಅವಳೇನಂದ್ಲು, ಬಿಷಪ್ ಬರೆದಿಲ್ಲ.